ಕಾನ್ವೆಂಟಿನೊಳಗಿನ ಮುಪ್ಪಿಗೆ ಕಾನೂನಿನ ಕಾವಲು ಬೇಡವೇ?

ಐರ್ಲೆಂಡಿನಲ್ಲಿ ತಲೆಮಾರುಗಟ್ಟಲೆ ಶಾಲೆ, ಆಸ್ಪತ್ರೆ ನಡೆಸಿದ ಕ್ಯಾಥೊಲಿಕ್ ಸಿಸ್ಟರ್‌ಗಳಿಗೆ ಈಗ ವಯಸ್ಸಾಗಿದೆ. ಹೊಸದಾಗಿ ಮಠ ಸೇರುವ ಹುಡುಗಿಯರು ತೀರಾ ವಿರಳ. ಒಂದು ಕಾಲದಲ್ಲಿ ಹಿರಿಯರನ್ನು ಕಿರಿಯ ಸಿಸ್ಟರ್‌ಗಳೇ ನೋಡಿಕೊಳ್ಳುತ್ತಿದ್ದರು. ಈಗ ಆ ಕೆಲಸ ಸಂಬಳದ ನರ್ಸ್‌ಗಳ, ಆಯಾಗಳ ಪಾಲಿಗೆ ಬಂದಿದೆ.

ಆದರೆ ಆ ದೇಶದ 1990ರ ನರ್ಸಿಂಗ್ ಹೋಮ್ ಕಾಯ್ದೆ, ನಿವಾಸಿಗಳಲ್ಲಿ ಹೆಚ್ಚಿನವರು ಸಂನ್ಯಾಸಿ ಸಭೆಯ ಸದಸ್ಯರೋ ಪಾದ್ರಿಗಳೋ ಆಗಿರುವ ಮನೆಗಳನ್ನು ತನ್ನ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. 2005ರಲ್ಲಿ ಡಬ್ಲಿನ್ನಿನ ಲೀಸ್ ಕ್ರಾಸ್ ನರ್ಸಿಂಗ್ ಹೋಮಿನ ದುಃಸ್ಥಿತಿಯನ್ನು ಆರ್‌ಟಿಇ ವಾಹಿನಿ ತೋರಿಸಿದಾಗ ದೇಶವೇ ಬೆಚ್ಚಿತು. 2007ರಲ್ಲಿ ಹೊಸ ಕಾಯ್ದೆ ಬಂತು, 2009ರಿಂದ ಹಿಕ್ವಾ ಎಂಬ ಸ್ವತಂತ್ರ ಪ್ರಾಧಿಕಾರ ತಪಾಸಣೆಗೆ ಇಳಿಯಿತು. ನರ್ಸಿಂಗ್ ಹೋಮ್ ಯಾವುದು ಎನ್ನುವುದಕ್ಕೆ ಮಾತ್ರ ಹೊಸ ಕಾಯ್ದೆಯೂ 1990ರ ವ್ಯಾಖ್ಯೆಯನ್ನೇ ನೆಚ್ಚಿಕೊಂಡಿತು.

ಹಾಗೆ ಹೊರಗುಳಿದವರಿಗೆ ತಪ್ಪಿದ್ದೇನು? ನಿಯಮದ ಪ್ರಕಾರ ಹೊಸಬರು ಬಂದ 48 ಗಂಟೆಯೊಳಗೆ ಅವರ ಆರೈಕೆಯ ಯೋಜನೆ ಬರಹದಲ್ಲಿರಬೇಕು, ಹೆಚ್ಚೆಂದರೆ 4 ತಿಂಗಳಿಗೊಮ್ಮೆ ಅದನ್ನು ಪರಿಶೀಲಿಸಬೇಕು. ತಪಾಸಕರು ಹೇಳದೆ ಕೇಳದೆ ಬರಬಹುದು, ನಿವಾಸಿಗಳೊಂದಿಗೆ ಮಾತಾಡುತ್ತಾರೆ. ಅವರ ವರದಿ ಎಲ್ಲರಿಗೂ ಓದಲು ಸಿಗುತ್ತದೆ.

ಒಂದೇ ಕುಟುಂಬದಂತೆ ಬದುಕುವವರ ನಡುವೆ ಸರಕಾರಕ್ಕೇನು ಕೆಲಸ ಎನ್ನಬಹುದು. ನನಗೆ ಆ ವಾದ ಒಪ್ಪಿಗೆಯಿಲ್ಲ. ಭಾನುವಾರ ಬಂದು, ಹೊದಿಕೆ ಸರಿಸಿ, ಅಮ್ಮನ ಬೆನ್ನಿಗೆ ಹುಣ್ಣಾಗಿದೆಯೇ ಎಂದು ನೋಡುವ ಮಗಳು ಸಿಸ್ಟರ್‌ಗೆ ಇರುವುದಿಲ್ಲ. ಬಡತನದ ವ್ರತ ತೊಟ್ಟವರ ಕೈಯಲ್ಲಿ ಬೇರೆ ಮನೆ ಹುಡುಕಿಕೊಳ್ಳಲು ಹಣವಿಲ್ಲ. ವಿಧೇಯತೆಯ ವ್ರತವಂತೂ ಐವತ್ತು ಅರವತ್ತು ವರ್ಷ ತುಟಿ ಬಿಗಿಹಿಡಿಯುವುದನ್ನು ಕಲಿಸಿರುತ್ತದೆ. ಕರೆಗಂಟೆ ಒತ್ತಿ ಅರ್ಧ ಗಂಟೆಯಾದರೂ ಯಾರೂ ಬರಲಿಲ್ಲ ಎಂದು ಮದರ್ ಸುಪೀರಿಯರ್ ಮುಂದೆ ದೂರುವುದು ಅವರಿಗೆ ಸುಲಭವಲ್ಲ. ಮೇಲ್ವಿಚಾರಕರ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಈ ಮೌನವನ್ನು ಹೊರಗಿನವರೇ ಬಂದು ಬಿಡಿಸಬೇಕು.

ಖರ್ಚಿನ ಭಯ ಮಾತ್ರ ನಿಜವಾದದ್ದು. ನಿಯಮಕ್ಕೆ ತಕ್ಕಂತೆ ಕಟ್ಟಡ ಬದಲಿಸಲಾಗದೆ ಪುಟ್ಟ ಮನೆಯೊಂದು ಮುಚ್ಚಿದರೆ, ಜೀವನವಿಡೀ ಜೊತೆಗಿದ್ದವರು ಎಂಬತ್ತೈದರಲ್ಲಿ ಚದುರಿಹೋಗುತ್ತಾರೆ. ಹಾಗಾಗದಂತೆ ಕಾಲಾವಕಾಶವನ್ನೂ ನೆರವನ್ನೂ ಕೊಟ್ಟೇ ಈ ಮನೆಗಳನ್ನು ಕಾನೂನಿನೊಳಗೆ ತರಬೇಕು. ತಪಾಸಕರೂ ಔಷಧದ ಪಟ್ಟಿ, ಬೆಂಕಿ ಸುರಕ್ಷತೆ ನೋಡಿ ಹೊರಟುಬಿಟ್ಟರೆ ಸಾಲದು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ವೀಲ್‌ಚೇರ್ ತಳ್ಳಿಕೊಂಡು ಚಾಪೆಲ್‌ಗೆ ಕರೆದೊಯ್ಯಲು ಪಾಳಿಯಲ್ಲಿ ಜನ ಸಾಕಷ್ಟಿದ್ದಾರೆಯೇ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು.