ಗೇಣುದ್ದ ಕರುಳಿನಿಂದ ಅನ್ನನಾಳಕ್ಕೆ

‘ರೊಟ್ಟಿ ಇಳಿವಲ್ದ್ರೀ’ ಎಂದು ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು ಕಲಬುರಗಿಯ ದವಾಖಾನೆಗೆ ಬಂದರೆ ವೈದ್ಯರ ಮನಸ್ಸು ಮೊದಲು ಓಡುವುದು ಕ್ಯಾನ್ಸರಿನ ಕಡೆಗೆ. ಗುಟ್ಕಾ, ತಂಬಾಕು ಮನೆಮನೆಗೆ ಹೊಕ್ಕ ಸೀಮೆಯಲ್ಲಿ ಅದು ತಪ್ಪೇನಲ್ಲ. ಕ್ಯಾನ್ಸರ್ ಅಲ್ಲವೆಂದಾದರೆ ಆಸಿಡಿಟಿ, ಅದೂ ಅಲ್ಲವೆಂದರೆ ಕ್ಷಯ. ಕರುಳಿನ ಉರಿಯೂತದ ಕಾಯಿಲೆಗಳಲ್ಲೊಂದಾದ ಕ್ರೋನ್ಸ್ ಕಾಯಿಲೆಯ ಹೆಸರು ಬರುವುದು ಇವೆಲ್ಲ ಮುಗಿದ ಮೇಲೆ, ಬಂದರೆ. ವೈದ್ಯರನ್ನು ದೂರುವ ಹಾಗೂ ಇಲ್ಲ. ಕ್ರೋನ್ಸ್ ಇರುವ ದೊಡ್ಡವರಲ್ಲೂ ಅನ್ನನಾಳಕ್ಕೆ ಅದು ಹತ್ತಿರುವುದು ಸಾಮಾನ್ಯವಾಗಿ ನೂರಕ್ಕೆ ಇಬ್ಬರಿಗಿಂತ ಕಡಿಮೆ ಮಂದಿಗೆ. ಅದಕ್ಕಿಂತ ದೊಡ್ಡ ಕಾರಣ ಈ ಕಾಯಿಲೆಯ ಚರಿತ್ರೆಯಲ್ಲೇ ಇದೆ: ಅದಕ್ಕೆ ಹೆಸರು ತಂದವರೇ ಅದು ಇರಬಹುದಾದ ಜಾಗವನ್ನು ತೀರ ಕಿರಿದಾಗಿ ಗೊತ್ತುಮಾಡಿಬಿಟ್ಟಿದ್ದರು.

1913ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಕೆನಡಿ ಡಾಲ್ಜಿಯಲ್ ಒಂದು ವಿಚಿತ್ರ ಕರುಳುಬೇನೆಯ ಬಗ್ಗೆ ಬರೆದರು. ಕರುಳು ದಪ್ಪಗಾಗಿ, ಸತ್ತು ಸೆಟೆದ ಹಾವುಮೀನಿನಂತೆ ಬಿಗಿದುಕೊಂಡಿತ್ತು. ನೋಡಿದರೆ ಕ್ಷಯ, ಹುಡುಕಿದರೆ ಕ್ಷಯದ ಕ್ರಿಮಿಯಿಲ್ಲ. ದನಗಳಿಗೆ ಬರುವ ಜೋನ್ಸ್ ರೋಗವನ್ನು ಇದು ಹೋಲುತ್ತದೆಂದೂ ಅವರು ಹೇಳಿದ್ದರು. ಮರುವರ್ಷ ಮಹಾಯುದ್ಧ ಹತ್ತಿಕೊಂಡಿತು, ಲೇಖನ ಮೂಲೆಗೆ ಬಿತ್ತು.

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ 14 ರೋಗಿಗಳ ವಿವರ ಪ್ರಕಟಿಸಿದರು. ಲೇಖಕರ ಹೆಸರು ಅಕ್ಷರಮಾಲೆಯ ಕ್ರಮದಲ್ಲಿತ್ತು, ಹಾಗಾಗಿ ಕಾಯಿಲೆ ಕ್ರೋನರ ಪಾಲಾಯಿತು. ಆಪರೇಷನ್‌ಗಳನ್ನು ಮಾಡಿದ್ದ ಶಸ್ತ್ರವೈದ್ಯ ಬರ್ಗ್, ತಾನು ಬರೆಯದ ಲೇಖನಕ್ಕೆ ತನ್ನ ಹೆಸರು ಬೇಡವೆಂದರಂತೆ. ಬೇಕೆಂದಿದ್ದರೆ ಇವತ್ತು ನಾವು ಬರ್ಗ್ ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದೆವು.

ಕ್ರೋನ್ ಮತ್ತು ಜೊತೆಗಾರರ ಲೆಕ್ಕದಲ್ಲಿ ಕಾಯಿಲೆ ಇದ್ದದ್ದು ಸಣ್ಣಕರುಳಿನ ಕೊನೆಯ ತುಂಡಿನಲ್ಲಿ ಮಾತ್ರ. ದೊಡ್ಡಕರುಳಿಗೂ ಅದು ಬರುತ್ತದೆಂಬುದನ್ನು ಕ್ರೋನ್ ಬಹುಕಾಲ ಒಪ್ಪಲಿಲ್ಲ. ಅದು ಗಟ್ಟಿಯಾಗಿ ಸ್ಥಾಪನೆಯಾದದ್ದು 1960ರಲ್ಲಿ, ಲಂಡನ್ನಿನ ಲಾಕ್‌ಹಾರ್ಟ್-ಮಮ್ಮರಿ ಮತ್ತು ಮಾರ್ಸನ್ ಅವರಿಂದ. ಅದಕ್ಕೂ ಹತ್ತು ವರ್ಷ ಮೊದಲೇ, 1950ರಲ್ಲಿ, ಫ್ರಾಂಕ್ಲಿನ್ ಮತ್ತು ಟೇಲರ್ ಅನ್ನನಾಳದಲ್ಲಿ ಇಂಥದೇ ಉರಿಯೂತವನ್ನು ವರ್ಣಿಸಿದ್ದರು; ಹೆಚ್ಚು ಜನ ಕಿವಿಗೊಡಲಿಲ್ಲ. ಈಗ ಪಠ್ಯಪುಸ್ತಕಗಳು ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಬರಬಹುದು ಎನ್ನುತ್ತವೆ. ರೋಗ ಅಷ್ಟುದ್ದ ಇದ್ದೇ ಇತ್ತು, ನೋಡುವ ಕಣ್ಣು ಗೇಣುದ್ದಕ್ಕೆ ನಿಂತಿತ್ತು.

ನಮ್ಮಲ್ಲಿ ಆ ಕಣ್ಣಿಗೆ ಇನ್ನೊಂದು ಅಡ್ಡಿ: ಕ್ಷಯ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಒಳಮೈಯಲ್ಲಿ ಹುಣ್ಣುಗಳು ಕಾಣುತ್ತವೆ, ನಡುನಡುವೆ ಚೆನ್ನಾಗಿರುವ ಒಳಪದರ. ಅಲ್ಲಿಂದ ಜೋಳದ ಕಾಳಿಗಿಂತ ಚಿಕ್ಕ ಚೂರುಗಳನ್ನು ಚಿವುಟಿ ಫಾರ್ಮಲಿನ್‌ಗೆ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಸೂಕ್ಷ್ಮದರ್ಶಕದಡಿ ಗ್ರಾನ್ಯುಲೋಮ ಎಂಬ ಜೀವಕೋಶಗಳ ಗುಂಪು ಸಿಕ್ಕರೂ ತೀರ್ಪು ಸಿಕ್ಕಂತಲ್ಲ, ಏಕೆಂದರೆ ಎರಡೂ ಕಾಯಿಲೆಗಳಲ್ಲಿ ಅದು ಇರುತ್ತದೆ. ಗುಂಪುಗಳು ದೊಡ್ಡದಾಗಿ, ಒಂದರೊಳಗೊಂದು ಸೇರಿ, ನಡುವೆ ಕೊಳೆತಿದ್ದರೆ ಕ್ಷಯದ ಕಡೆ ವಾಲುತ್ತಾರೆ. ಚಿಕ್ಕದಾಗಿ ಚದುರಿದ್ದರೆ ಕ್ರೋನ್ಸ್ ಕಡೆ. ಎಷ್ಟೋ ಸಲ ಚೂರಿನಲ್ಲಿ ಯಾವುದೂ ಸಿಗುವುದಿಲ್ಲ. ಆಗ ಕೆಳಗಿನ ಕರುಳನ್ನು ನೋಡಲೇಬೇಕು. ಅನ್ನನಾಳಕ್ಕೆ ಕ್ರೋನ್ಸ್ ಬಂದವರಲ್ಲಿ ಹೆಚ್ಚಿನವರಿಗೆ ಅದು ಕರುಳಿನಲ್ಲೂ ಇರುತ್ತದೆ. ಬಾಯಿಹುಣ್ಣು, ಗುದದ ಬಳಿ ಕೀವು ಸೋರುವ ಭಗಂದರ, ತಿಂಗಳುಗಟ್ಟಲೆ ಭೇದಿ ಇವೆಯೇ ಎಂದು ಕೇಳಿದರೆ ಅರ್ಧ ಕೆಲಸ ಆದಂತೆ. ಭಗಂದರದ ಮಾತನ್ನು ನಮ್ಮ ಜನ ತಾವಾಗಿ ಎತ್ತುವುದಿಲ್ಲ.

ಅನುಮಾನ ಉಳಿದಾಗ ಕ್ಷಯದ ಗುಳಿಗೆ ಶುರುಮಾಡಿ ಕಾಯುವುದು ಭಾರತದಲ್ಲಿ ರೂಢಿ. ಜ್ವರ ಇಳಿಯಿತು, ಹಸಿವಾಯಿತು ಎಂಬುದಷ್ಟೇ ಸಾಲದು. ಎರಡು ಮೂರು ತಿಂಗಳಿಗೆ ಮತ್ತೆ ಎಂಡೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ನೋಡಬೇಕು. ಈ ಎರಡನೇ ನೋಟವೇ ತಪ್ಪಿಹೋಗುವುದು. ಗುಳಿಗೆ ನುಂಗುತ್ತ ವರ್ಷ ಕಳೆದರೆ ಅಷ್ಟರಲ್ಲಿ ಅನ್ನನಾಳ ಗಾಯಕಟ್ಟಿ ಕಿರಿದಾಗಿರುತ್ತದೆ.

ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಿಂದ ಇದೆ. ಜಿಮ್ಸ್, ಇಎಸ್ಐಸಿ ಕಾಲೇಜುಗಳು ಬಂದದ್ದು 2010ರ ನಂತರ. ಆದರೂ ಬೇನೆ ಬಿಗಡಾಯಿಸಿದರೆ ಆಳಂದ, ಅಫಜಲಪುರದವರು ಸೊಲ್ಲಾಪುರದ ಬಸ್ಸು ಹತ್ತುತ್ತಾರೆ, ಅನೇಕರು ಹೈದರಾಬಾದಿಗೆ ಹೋಗುತ್ತಾರೆ. ಅದೇ ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ಸಂಶೋಧಕರು 2023ರಲ್ಲಿ ಕರುಳಿನ ಉರಿಯೂತದ ಕಾಯಿಲೆಗಳು ದಕ್ಷಿಣ ಭಾರತದ ಹಳ್ಳಿಗಳಲ್ಲೂ ಬೇಗ ಹೆಚ್ಚುತ್ತಿವೆ ಎಂದು ವರದಿ ಮಾಡಿದರು. ಇದು ಪಟ್ಟಣದ ಶ್ರೀಮಂತರ ಕಾಯಿಲೆ ಎಂಬ ಮಾತನ್ನು ಇನ್ನು ಬಿಡಬಹುದು.

ಪೂರ್ತಿ ವಾಸಿಮಾಡುವ ಮದ್ದಿಲ್ಲ, ಹತೋಟಿಯಲ್ಲಿಡುವುದು ಸಾಧ್ಯ. ಆಮ್ಲ ತಗ್ಗಿಸುವ ಗುಳಿಗೆ ಉರಿಯನ್ನಷ್ಟೇ ಶಮನ ಮಾಡುತ್ತದೆ. ಸ್ಟೀರಾಯ್ಡ್ ಬೇಗ ಹಿಡಿತಕ್ಕೆ ತರುತ್ತದೆ, ಆದರೆ ಅದನ್ನು ವರ್ಷಾನುಗಟ್ಟಲೆ ನುಂಗುವಂತಿಲ್ಲ, ತಟ್ಟನೆ ಬಿಡುವಂತೆಯೂ ಇಲ್ಲ. ಅಜಾಥಿಯೋಪ್ರಿನ್ ಕೊಟ್ಟರೆ ಬಿಳಿರಕ್ತಕಣ ಇಳಿಯುತ್ತಿದೆಯೇ ಎಂದು ನೋಡಲು ಆಗಾಗ ರಕ್ತಪರೀಕ್ಷೆ ಬೇಕು. 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್‌ಗೆ ಒಪ್ಪಿಗೆ ಪಡೆದ ಇನ್‌ಫ್ಲಿಕ್ಸಿಮಾಬ್, ಆಮೇಲಿನ ಅಡಾಲಿಮುಮಾಬ್ ಚುಚ್ಚುಮದ್ದುಗಳು ದಾರಿ ಬದಲಿಸಿದವು. ಅಡಾಲಿಮುಮಾಬ್‌ನ ಅಗ್ಗದ ದೇಶಿ ರೂಪ 2014ರ ಡಿಸೆಂಬರಿನಲ್ಲಿ ಬಂತು. ಇಲ್ಲಿಯೂ ಕ್ಷಯ ಬೆನ್ನು ಬಿಡುವುದಿಲ್ಲ. ಈ ಮದ್ದು ಮಲಗಿದ್ದ ಕ್ಷಯವನ್ನು ಎಬ್ಬಿಸಬಲ್ಲದು, ಆದ್ದರಿಂದ ಚುಚ್ಚುವ ಮೊದಲು ಎದೆಯ ಎಕ್ಸ್-ರೇ, ಕ್ಷಯದ ಪರೀಕ್ಷೆ ಆಗಲೇಬೇಕು. ಕಿರಿದಾದ ಅನ್ನನಾಳವನ್ನು ಬಲೂನಿನಿಂದ ಹಂತಹಂತವಾಗಿ ಹಿಗ್ಗಿಸುತ್ತಾರೆ. ಅವಸರ ಮಾಡಿದರೆ ಹರಿಯುವ ಭಯ.

ಅಡುಗೆಮನೆಯ ಮಟ್ಟಿಗೆ ಖಡಕ್ ರೊಟ್ಟಿ, ಖಾರದ ಹಿಂಡಿ, ಸುಟ್ಟ ಮೆಣಸಿನಕಾಯಿಯನ್ನು ಹುಣ್ಣು ಮಾಗುವವರೆಗೆ ದೂರ ಇಡಬೇಕು. ಜೋಳದ ಮೆತ್ತನೆ ನುಚ್ಚು, ಅಂಬಲಿ, ಕಲಸಿದ ಮೊಸರನ್ನ, ಚೆನ್ನಾಗಿ ಬೆಂದ ತೊಗರಿಬೇಳೆಯ ಕಟ್ಟು ಇಳಿಯುತ್ತವೆ. ಪಥ್ಯವೆಂದು ಬರೀ ಗಂಜಿಗೆ ಕಟ್ಟಿಹಾಕುವ ನಮ್ಮ ಮನೆಗಳ ಚಾಳಿ ನನಗೆ ಸರಿಕಾಣುವುದಿಲ್ಲ. ಮೊದಲೇ ಸೊರಗಿದ ಮೈಗೆ ಬೇಳೆ, ಮೊಟ್ಟೆ, ಹಾಲು ಒಗ್ಗಿದರೆ ಕೊಡಲೇಬೇಕು. ಬೀಡಿ ಬಿಡಬೇಕು. ಯಾವ ಗುಳಿಗೆಯನ್ನೂ ನೀರಿಲ್ಲದೆ ನುಂಗಿ ಮಲಗಬಾರದು, ಮೈಕೈನೋವಿಗೆ ಅಂಗಡಿ ಗುಳಿಗೆ ತಾವಾಗಿ ತರಬಾರದು.

ಊರು ಬದಲಿಸುವವರು ಮರೆಯುವುದು ಬಯಾಪ್ಸಿಯ ಬ್ಲಾಕನ್ನು. ಚಿವುಟಿದ ಚೂರನ್ನು ಲ್ಯಾಬಿನವರು ಮೇಣದ ಅಚ್ಚಿನಲ್ಲಿ ಕೂಡಿಸಿ ಇಟ್ಟಿರುತ್ತಾರೆ; ರಸೀದಿ ತೋರಿಸಿ ಬ್ಲಾಕನ್ನೂ ಸ್ಲೈಡನ್ನೂ ಕೇಳಿ ತೆಗೆದುಕೊಳ್ಳಬೇಕು. ಕಲಬುರಗಿಯ ಬ್ಲಾಕಿನಿಂದ ಹೊಸ ಪದರ ಕತ್ತರಿಸಿ ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಮತ್ತೆ ನೋಡಬಹುದು. ಎರಡು ಸಾಲಿನ ವರದಿಯ ಜೆರಾಕ್ಸ್‌ನಿಂದ ಅದು ಆಗುವುದಿಲ್ಲ.