ತಪ್ಪು ಯಾರದ್ದು ಅಂತ ಕೇಳುವ ಮೊದಲು

ಕಳೆದ ವರ್ಷ ನಮ್ಮ ಆಸ್ಪತ್ರೆಯ ಸಾಫ್ಟ್‌ವೇರನ್ನು ರಾತ್ರೋರಾತ್ರಿ ಬದಲಿಸಿದರು. ಬೆಳಿಗ್ಗೆ ಮಗುವೊಂದರ ಸಿರಪ್ ಲೇಬಲ್‌ನಲ್ಲಿ 2.5 ಮಿ.ಲೀ. ಇರಬೇಕಾದಲ್ಲಿ 25 ಎಂದು ಅಚ್ಚಾಗಿತ್ತು. ಹೊಸದಾಗಿ ಸೇರಿದ ಹುಡುಗ ನೋಡಿ, ಹೆದರುತ್ತಲೇ ನನಗೆ ಹೇಳಿದ. ಫೋನ್ ಮಾಡಿದರೆ ಪ್ರೋಗ್ರಾಂ ಬರೆದವರು ಸರ್ವರ್‌ನವರನ್ನು ದೂರಿದರು, ಅವರು ಇವರನ್ನು.

ಈ ಜಗ್ಗಾಟ ನಿಲ್ಲಿಸಲೆಂದೇ ಹುಟ್ಟಿದ್ದು ಡೆವ್‌ಆಪ್ಸ್: ಬರೆಯುವವರೂ ನಡೆಸುವವರೂ ಒಂದೇ ತಂಡ. 2009ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ ಪ್ಯಾಟ್ರಿಕ್ ಡೆಬೋಯ್ ಮೊದಲ ಡೆವ್‌ಆಪ್ಸ್‌ಡೇಸ್ ಸಮಾವೇಶ ನಡೆಸಿದರು. ಸೂತ್ರ ಸರಳ: ಬದಲಾವಣೆ ಚಿಕ್ಕದಿರಲಿ, ಪರೀಕ್ಷೆ ತಾನಾಗಿ ನಡೆಯಲಿ, ಕೆಟ್ಟರೆ ತಕ್ಷಣ ಹಳೆಯದಕ್ಕೆ ಮರಳುವಂತಿರಲಿ, ಯಾರನ್ನೂ ಬೈಯದೆ ಕಾರಣ ಹುಡುಕಿ.

ಕೆಲಸ ಹೋದೀತು, ವೀಸಾ ರದ್ದಾದೀತು ಎಂದು ಇಲ್ಲಿ ನಾವೆಷ್ಟೋ ಜನ ತಪ್ಪು ಕಂಡರೂ ಬಾಯಿ ಬಿಡುವುದಿಲ್ಲ. ಆ ಹುಡುಗನೂ ಹೆದರಿ ಸುಮ್ಮನಿದ್ದಿದ್ದರೆ?