ಹಿತ್ತಲಿನ ಟೊಮೆಟೊ ಮತ್ತು ಅದರ ರುಚಿ

ಪೇಟೆಯಿಂದ ತಂದ ಟೊಮೆಟೊ ಹಣ್ಣು ನೋಡುವುದಕ್ಕೆ ಕೆಂಪಗೆ, ದುಂಡಗೆ, ಮೈಮೇಲೆ ಒಂದು ಮಚ್ಚೆಯೂ ಇಲ್ಲದೆ ಇರುತ್ತದೆ. ಅದೊಂದನ್ನೇ ನಂಬಿ ಸಾರು ಮಾಡಹೊರಟರೆ ಮಾತ್ರ ಹುಳಿಯೂ ಸಾಲದು, ಪರಿಮಳವೂ ಸಾಲದು. ಈ ದೂರು ಈಚೆಗೆ ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. ದೂರು ನಿಜವೆಂದೇ ನಮ್ಮ ಅಭಿಪ್ರಾಯ. ಆದರೆ ಅದರ ಹೊರೆಯನ್ನು ಬೆಳೆಗಾರನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕೋಲಾರದ ಮಾರುಕಟ್ಟೆಯಲ್ಲಿ ಹಣ್ಣು 15 ಕಿಲೋಗ್ರಾಮಿನ ಪೆಟ್ಟಿಗೆಯ ಲೆಕ್ಕದಲ್ಲಿ ಹರಾಜಾಗುತ್ತದೆ. 2023ನೆಯ ಇಸವಿಯ ಜುಲೈ ತಿಂಗಳಲ್ಲಿ ಅಂಥ ಒಂದು ಪೆಟ್ಟಿಗೆಗೆ 2,000 ರೂಪಾಯಿಗೂ ಮಿಕ್ಕಿ ಬೆಲೆ ಬಂದುದುಂಟು. ಬೆಲೆ ಬಿದ್ದ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದುದೂ ಉಂಟು. ಏರಿದಾಗಲೂ ಇಳಿದಾಗಲೂ ರುಚಿಗೆಂದು ಅವರಿಗೆ ಒಂದು ಕಾಸನ್ನು ಯಾರೂ ಹೆಚ್ಚಾಗಿ ಕೊಡಲಿಲ್ಲ. ತೂಕಕ್ಕೆ, ಗಟ್ಟಿತನಕ್ಕೆ, ಬಣ್ಣಕ್ಕೆ ನಾವು ಹಣ ಕೊಟ್ಟೆವು; ಅವನ್ನೇ ಪಡೆದೆವು.

ರುಚಿ ಎಲ್ಲಿ ಹೋಯಿತೆಂಬುದನ್ನು ಶಾಸ್ತ್ರಜ್ಞರು ಬಹುಮಟ್ಟಿಗೆ ಕಂಡುಹಿಡಿದಿದ್ದಾರೆ. ಅನೇಕ ಹಳೆಯ ತಳಿಗಳಲ್ಲಿ ಕಾಯಿಯ ತೊಟ್ಟಿನ ಸುತ್ತ ಕಡುಹಸಿರಿನ ಹೆಗಲು ಇರುತ್ತದೆ. ಹಣ್ಣು ಒಂದೇ ಸಮನಾಗಿ ಕೆಂಪಾಗಲೆಂದು ತಳಿಗಾರರು ಹಲವು ದಶಕಗಳ ಕಾಲ ಈ ಹೆಗಲಿಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. ಆ ಹಸಿರೇ ಕಾಯಿಯಲ್ಲಿ ಸಕ್ಕರೆ ಕೂಡಿಸುವುದಕ್ಕೆ ನೆರವಾಗುತ್ತಿದ್ದಿತೆಂದು 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಅದೇ ಪತ್ರಿಕೆಯಲ್ಲಿ 2017ರಲ್ಲಿ ಬಂದ ಮತ್ತೊಂದು ಲೇಖನಕ್ಕಾಗಿ 398 ಬಗೆಯ ಟೊಮೆಟೊಗಳನ್ನು ಪರೀಕ್ಷಿಸಿದರು. ಪರಿಮಳಕ್ಕೆ ಕಾರಣವಾದ 13 ವಸ್ತುಗಳು ಇಂದಿನ ವ್ಯಾಪಾರದ ತಳಿಗಳಲ್ಲಿ ಕುಗ್ಗಿಹೋಗಿದ್ದವು. ಹಣ್ಣಿನ ಗಾತ್ರ ಹೆಚ್ಚಿದಷ್ಟೂ ಸಿಹಿ ಕಡಿಮೆಯೆಂಬುದೂ ಅದರಿಂದ ತಿಳಿದುಬಂದಿತು. ಇದರ ಮೇಲೆ, ದೂರದ ಊರುಗಳಿಗೆ ಲಾರಿಯಲ್ಲಿ ಹೋಗಬೇಕಾದ ಹಣ್ಣನ್ನು ಬಣ್ಣ ತಿರುಗುವುದಕ್ಕೆ ಮೊದಲೇ ಕೊಯ್ಯುವುದೂ ಉಂಟು.

ಮನೆಯ ಹಿತ್ತಲಿಗಾಗಲಿ ಮಾಳಿಗೆಯ ಕುಂಡಕ್ಕಾಗಲಿ ಈ ಕಟ್ಟುಪಾಡುಗಳಿಲ್ಲ. ಅಲ್ಲಿಂದ ಅಡಿಗೆಮನೆಗೆ ಹತ್ತು ಹೆಜ್ಜೆ. ಆದಕಾರಣ ತೆಳುಸಿಪ್ಪೆಯ, ರಸಭರಿತವಾದ, ಮುಟ್ಟಿದರೆ ಒಡೆಯುವಂಥ ತಳಿಯನ್ನೇ ನಾವು ಧೈರ್ಯವಾಗಿ ಆರಿಸಬಹುದು. ಬೆಂಗಳೂರಿನ ಸಂತೆಗಳಲ್ಲಿ ನಾಟಿ ಟೊಮೆಟೊ ಎಂದು ಮಾರುವ ಚಪ್ಪಟೆಯ ಹುಳಿಹಣ್ಣು ಸಾರಿಗೂ ಗೊಜ್ಜಿಗೂ ನಮಗೆ ಎಲ್ಲಕ್ಕಿಂತ ಮೆಚ್ಚು. ಮಕ್ಕಳು ಗಿಡದಿಂದ ಕಿತ್ತು ಬಾಯಿಗೆ ಹಾಕಿಕೊಳ್ಳುವುದಕ್ಕೆ ಗೋಲಿಯಷ್ಟರ ಚೆರ್ರಿ ಟೊಮೆಟೊ ಒಂದೆರಡು ಗಿಡವಿದ್ದರೆ ಚೆಂದ. ರೋಗದ ಕಾಟ ಹೆಚ್ಚಾಗಿರುವ ಕಡೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ತಳಿ ಉಪಯುಕ್ತ. ಎಲೆಮುದುಡು, ಸೊರಗು, ಎಲೆಚುಕ್ಕೆ ಈ ಮೂರನ್ನೂ ಅದು ತಡೆದುಕೊಳ್ಳುತ್ತದೆ. ಆದರೆ ಅದು ಸಂಕರ ತಳಿಯಾದುದರಿಂದ ಅದರ ಬೀಜವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು ಪ್ರಯೋಜನವಿಲ್ಲ.

ನಮ್ಮ ಬಯಲುಸೀಮೆಯಲ್ಲಿ ರುಚಿಗೆ ಒಳ್ಳೆಯ ಕಾಲ ಚಳಿಗಾಲವೇ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಬೀಜ ಬಿತ್ತಿದರೆ ಇಪ್ಪತ್ತೈದು ಮೂವತ್ತು ದಿನಗಳಿಗೆ ಸಸಿಗಳು ನೆಡುವ ಹದಕ್ಕೆ ಬರುತ್ತವೆ. ಜನವರಿಯ ಹೊತ್ತಿಗೆ, ಹಗಲು ನಿಚ್ಚಳವಾದ ಬಿಸಿಲೂ ರಾತ್ರಿ ತಂಪೂ ಇರುವಾಗ ಹಣ್ಣು ಮಾಗುತ್ತದೆ. ಮಳೆಗಾಲದ ಹಣ್ಣು ನೀರುನೀರಾಗಿ ಬಿರಿಯುತ್ತದೆ. ಕಡುಬೇಸಗೆಯಲ್ಲಿ ಹೂವು ಕಾಯಿಗಟ್ಟದೆ ಉದುರುತ್ತದೆ. ಕರಾವಳಿಯವರೂ ಮಳೆ ಪೂರ್ತಿ ನಿಂತ ಮೇಲೆಯೇ ನೆಡುವುದು ಕ್ಷೇಮ.

ಈ ಗಿಡಕ್ಕೆ ಕನ್ನಡದಲ್ಲಿ ಚಪ್ಪರಬದನೆ ಎಂಬ ಹೆಸರೂ ಉಂಟು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಕಡೆಯಿಂದ ಬಂದ ಪರದೇಶಿ ಸಸ್ಯವಾದರೂ ಅದು ಬದನೆಯ ಕುಲಕ್ಕೇ ಸೇರಿದುದು. ಹೆಸರಿಟ್ಟವರ ಕಣ್ಣು ಸೂಕ್ಷ್ಮವಾಗಿತ್ತು! ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಸೊರಗಿ ಸತ್ತ ಮಣ್ಣಿನಲ್ಲಿ ಇದನ್ನು ನೆಡಬಾರದು. ಆ ಸೊರಗುರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕುಂಡವಾದರೆ ಹದಿನೈದು ಇಪ್ಪತ್ತು ಲೀಟರಿಗೆ ಕಡಿಮೆಯಾಗಬಾರದು. ಕೆಂಪು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನೂ ಒಂದು ಹಿಡಿ ಬೇವಿನ ಹಿಂಡಿಯನ್ನೂ ಬೆರಸಿ, ಸಸಿಯ ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡದ ಅರ್ಧದವರೆಗೂ ಹೂತು ನೆಡಬೇಕು. ಹೂತ ಭಾಗದಿಂದಲೂ ಬೇರು ಹೊರಡುತ್ತದೆ. ದಿನಕ್ಕೆ ಆರು ಗಂಟೆಗಳಾದರೂ ನೇರವಾದ ಬಿಸಿಲು ಬೀಳುವ ಸ್ಥಳ ಬೇಕು. ಇದಿಲ್ಲದ ಮನೆಯವರು ಸೊಪ್ಪು ಬೆಳೆದುಕೊಳ್ಳುವುದು ಮೇಲು.

ಗಿಡ ಕಪ್ಪುಹಸಿರಾಗಿ ಕೊಬ್ಬಿದುದನ್ನು ಕಂಡು ಹಿಗ್ಗುವವರುಂಟು. ಸಾರಜನಕದ ಗೊಬ್ಬರ ಅತಿಯಾದಾಗ ಎಲೆಯೇ ಹೆಚ್ಚಿ ಹಣ್ಣು ಹಿಂದೆ ಬೀಳುತ್ತದೆ. ಹೂವು ಕಂಡ ಮೇಲೆ ಗೊಬ್ಬರವನ್ನು ಮಿತಗೊಳಿಸಿ, ಸೌದೆಯ ಬೂದಿಯನ್ನು ಒಂದು ಚಮಚದಷ್ಟು ಮಣ್ಣಿಗೆ ಬೆರಸಿದರೆ ಪೊಟ್ಯಾಷ್ ದೊರೆಯುತ್ತದೆ. ಗಾಳಿಯಾಡದ ಮೂಲೆಯಲ್ಲಿ ಗಿಡವಿದ್ದರೆ ಬೆಳಗಿನ ಹೊತ್ತು ಹೂಗೊಂಚಲನ್ನು ಬೆರಳಿನಿಂದ ಮೆಲ್ಲನೆ ತಟ್ಟಬೇಕು. ಪರಾಗ ಉದುರಿ ಕಾಯಿ ಕಟ್ಟುತ್ತದೆ. ಕಂಕುಳಿನ ಚಿಗುರುಗಳನ್ನು ಒಂದಿಷ್ಟು ತೆಗೆಯಬಹುದು. ಎಲೆಗಳನ್ನು ಮಾತ್ರ ಕೈಬಿಚ್ಚಿ ಕೀಳಕೂಡದು. ಸಕ್ಕರೆ ತಯಾರಾಗುವುದು ಎಲೆಯಲ್ಲಿಯೇ ಅಲ್ಲವೆ?

ನೀರಿನ ವಿಚಾರದಲ್ಲಿಯೇ ರುಚಿಯ ಗುಟ್ಟು ಹೆಚ್ಚಾಗಿ ಅಡಗಿದೆ. ಕಾಯಿ ಬಲಿಯುವವರೆಗೆ ಮಣ್ಣಿನಲ್ಲಿ ಹದವಾದ ತೇವ ತಪ್ಪಬಾರದು. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ, ಮಣ್ಣಿನಲ್ಲಿ ಸುಣ್ಣದ ಅಂಶವಿದ್ದರೂ ಅದು ಕಾಯಿಯವರೆಗೆ ತಲಪದೆ, ಬುಡದಲ್ಲಿ ಕಪ್ಪು ಕೊಳೆತ ಕಾಣಿಸಿಕೊಳ್ಳುತ್ತದೆ. ಕಾಯಿಗಳು ಬಲಿತು ಬಣ್ಣ ತಿರುಗತೊಡಗಿದಾಗ ನೀರನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಮಧ್ಯಾಹ್ನ ಎಲೆ ಸ್ವಲ್ಪ ಬಾಡಿ ಸಂಜೆಗೆ ತಾನಾಗಿ ಚೇತರಿಸಿಕೊಂಡರೆ ಭಯವಿಲ್ಲ. ಹಣ್ಣು ಗಾತ್ರದಲ್ಲಿ ಕುಗ್ಗುವುದು ದಿಟ. ಸಿಹಿಯೂ ಹುಳಿಯೂ ಒತ್ತಾಗುತ್ತವೆ. ತೂಕಕ್ಕೆ ಮಾರುವವನು ಈ ನಷ್ಟವನ್ನು ತಾಳಲಾರ, ಮನೆಯವರು ತಾಳಬಲ್ಲರು.

ಬಿಳಿನೊಣದ ಮೂಲಕ ಹರಡುವ ಎಲೆಮುದುಡು ರೋಗಕ್ಕೆ ಮದ್ದಿಲ್ಲ. ಮುದುಡಿದ ಗಿಡವನ್ನು ಕನಿಕರವಿಲ್ಲದೆ ಕಿತ್ತುಬಿಡಬೇಕು. ಸಸಿಗಳನ್ನು ತೆಳುವಾದ ಪರದೆಯ ಕೆಳಗೆ ಬೆಳೆಸಿದರೆ ಬಹಳಷ್ಟು ತಪ್ಪುತ್ತದೆ.

ಹಣ್ಣನ್ನು ಗಿಡದಲ್ಲಿಯೇ ಪೂರ್ತಿ ಕೆಂಪಾಗಲು ಬಿಡುವುದು ಉತ್ತಮ. ಅಳಿಲು ಹಕ್ಕಿಗಳ ಕಾಟವಿದ್ದರೆ ಅರ್ಧ ಬಣ್ಣ ತಿರುಗಿದಾಗ ಕೊಯ್ದು ಅಡಿಗೆಮನೆಯ ಹಲಗೆಯ ಮೇಲೆ ತೊಟ್ಟು ಕೆಳಗಾಗಿ ಇಟ್ಟರೂ ರುಚಿಯಲ್ಲಿ ಹೆಚ್ಚು ಕೊರತೆಯಾಗದು. ಫ್ರಿಜ್ಜಿನಲ್ಲಿ ಮಾತ್ರ ಇಡಬಾರದು. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಣ್ಣನ್ನು 5 ಡಿಗ್ರಿ ಸೆಂಟಿಗ್ರೇಡ್ ತಂಪಿನಲ್ಲಿ ಏಳು ದಿನ ಇಟ್ಟುನೋಡಿದರು. ಸಕ್ಕರೆ ಹುಳಿಗಳು ಹಾಗೆಯೇ ಇದ್ದವು, ಪರಿಮಳ ಮಾತ್ರ ಕುಂದಿತ್ತು. ಹೊರಗೆ ತೆಗೆದಿಟ್ಟರೂ ಅದು ಪೂರ್ತಿಯಾಗಿ ಮರಳಲಿಲ್ಲ. ಇನ್ನೊಂದು ಮಾತು: ಹೆಚ್ಚುವಾಗ ಬೀಜದ ಸುತ್ತಲಿನ ಲೋಳೆಯನ್ನು ಚೆಲ್ಲುವ ರೂಢಿ ಕೆಲವರಲ್ಲಿದೆ. ಹುಳಿಯೂ, ನಾಲಗೆಗೆ ತುಂಬುತನ ಕೊಡುವ ಗ್ಲುಟಮೇಟ್ ಎಂಬ ಅಂಶವೂ ತಿರುಳಿಗಿಂತ ಅಲ್ಲಿಯೇ ಹೆಚ್ಚು.

ನಾಟಿ ಗಿಡಗಳಲ್ಲಿ ಎಲ್ಲಕ್ಕಿಂತ ರುಚಿಯಾದ ಹಣ್ಣು ಕೊಟ್ಟ ಗಿಡಕ್ಕೆ ಮೊದಲೇ ಒಂದು ದಾರ ಕಟ್ಟಿ ಗುರುತಿಡಬೇಕು. ಅದರ ಮೇಲೆ ಚೆನ್ನಾಗಿ ಕಳಿತ ಹಣ್ಣಿನ ಬೀಜವನ್ನು ಲೋಳೆಸಮೇತ ಬಟ್ಟಲಿನಲ್ಲಿ ಎರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ತಟ್ಟೆಯ ಮೇಲೆ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ತಿಂಗಳು ವರ್ಷ ಬರೆದಿಟ್ಟರೆ ಮುಂದಿನ ಸೆಪ್ಟೆಂಬರಿಗೆ ಬಿತ್ತನೆಯ ಬೀಜ ಮನೆಯಲ್ಲಿಯೇ ಇರುತ್ತದೆ.